ಬಾವಿಯೊಳಗೊಂದು ಬ್ಯಾಂಡು

ಬಾವಿ ಕಣ್ಣಿಗೆ ಬಿದ್ದರೆ ಅದರೊಳಗೆ ಬಗ್ಗಿ ‘ಓ’ ಎಂದು ಕೂಗದೆ ಮುಂದೆ ಹೋಗುವ ಸಂಯಮ ನಮ್ಮಲ್ಲಿ ಎಷ್ಟು ಜನರಿಗಿದೆಯೋ ಕಾಣೆ. ನೀರಿದೆಯೇ ಎಂದು ನೋಡುವುದು ಬರೀ ನೆಪ. ನಿಜವಾದ ಆಸೆ ನಮ್ಮದೇ ದನಿ, ಯಾರೋ ಹಿರಿಯರು ಮಾತಾಡಿದಂತೆ ಗಂಭೀರವಾಗಿ ಮರಳುವುದನ್ನು ಕೇಳುವುದು. ಕೋಲಾರ ಸೀಮೆಯ ನನ್ನ ತಲೆಮಾರಿಗೆ ಈ ಸುಖ ಧಾರಾಳವಾಗಿ ದಕ್ಕಿತ್ತು. ನಾವು ಹುಟ್ಟುವ ಹೊತ್ತಿಗೆ ಬಾವಿಗಳಲ್ಲಿ ನೀರು ಮುಗಿದು ಪ್ರತಿಧ್ವನಿ ಮಾತ್ರ ಉಳಿದಿತ್ತು. ಬಿದ್ದ ಚೆಂಡು ತರಲು ಕಲ್ಲಿನ ಮೆಟ್ಟಿಲಿಳಿದು ತಳದಲ್ಲಿ ಓಡಾಡಿದ ನಮಗೆ ಈಜು ಕಲಿಯುವ ಪ್ರಶ್ನೆಯೇ ಏಳಲಿಲ್ಲ.

ನನ್ನ ಗೆಳೆಯ ಮಂಜುವಿಗೆ ಈ ಪ್ರತಿಧ್ವನಿ ಬೇರೆ ಕಾರಣಕ್ಕೆ ಬೇಕಿತ್ತು. ಶ್ರೀನಿವಾಸಪುರದ ಬಳಿ ಹಾಲಿನ ಡೇರಿಯ ನೌಕರನಾದ ಅವನು, ಕೋಲಾರದ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ದಿನಗಳಿಂದಲೂ ಕೆನಡಾದ ಒಂದು ಮೆಟಲ್‌ಕೋರ್ ಬ್ಯಾಂಡಿನ ಪರಮಭಕ್ತ. ಗಿಟಾರು ಗುಡುಗುವ, ಗಾಯಕ ಅರ್ಧ ಹಾಡಿ ಅರ್ಧ ಅರಚುವ, ಕೇಳುಗ ಸುಧಾರಿಸಿಕೊಳ್ಳುವಷ್ಟರಲ್ಲಿ ತಾಳ ಬದಲಾಗುವ ಸಂಗೀತ ಅದು. ಮುಳಬಾಗಿಲಿನಲ್ಲಿ ಲೆಕ್ಕಪತ್ರ ಬರೆಯುತ್ತ, ಭಜನೆಗೆ ಮೃದಂಗ ನುಡಿಸುವ ನನ್ನಂಥ ಸಾಧುಪ್ರಾಣಿಯೂ ಆ ಬಲೆಗೆ ಬಿದ್ದದ್ದು ತಾಳದಿಂದಲೇ: ಆ ಗದ್ದಲದ ತಳದಲ್ಲಿ ಏಳೇಳು ಪೆಟ್ಟಿನ ನಮ್ಮ ಮಿಶ್ರಛಾಪು ಕೂತಿತ್ತು.

ಆ ಬ್ಯಾಂಡಿನ ಚರಿತ್ರೆ ಮಂಜುವಿಗೆ ಮನೆಯ ವಂಶಾವಳಿಯಷ್ಟೇ ಬಾಯಿಪಾಠ. ಹುಡುಗರು ಯಾರದೋ ಮನೆಯ ನೆಲಮಾಳಿಗೆಯಲ್ಲಿ ಆರಂಭಿಸಿದ್ದು, ಮುರುಕು ವ್ಯಾನಿನಲ್ಲಿ ಹಿಮದ ದಾರಿ ಸುತ್ತಿದ್ದು, ಡ್ರಮ್ಮಿನವನು ಬಿಟ್ಟುಹೋಗಿದ್ದು, ಕೊನೆಗೆ ಗಾಯಕನ ಗಂಟಲೇ ಕೈಕೊಟ್ಟು ಅರ್ಧ ಮುಗಿದ ಆಲ್ಬಂ ಹಾಗೇ ನಿಂತದ್ದು. ಆ ಸುದ್ದಿ ಬಂದ ದಿನ ಮಂಜು ಊಟ ಬಿಟ್ಟಿದ್ದ. ಅಂದಿನಿಂದ ತಾನೇ ಅರಚಲು ಕಲಿತ. ಮನೆಯಲ್ಲಿ ಅರಚಿದರೆ ಅಕ್ಕಪಕ್ಕದವರು ಸೇರುತ್ತಾರೆಂದು ಅವನ ಮಾವನ ಮಾವಿನ ತೋಪಿನ ಹಾಳುಬಾವಿಯೇ ನಮ್ಮ ಭಾನುವಾರದ ಸಭಾಭವನವಾಯಿತು. ಅವನು ಬಾವಿಗೆ ಬಗ್ಗಿ ಅರಚುವುದು, ನಾನು ಖಾಲಿ ಡ್ರಮ್ ಬಡಿಯುವುದು.

ಈ ಬೇಸಿಗೆಯಲ್ಲಿ ಅನಿಷ್ಟವೊಂದು ಕಾಣಿಸಿತು. “ಗುಂಯ್ ಅಂತಿಲ್ಲ ಕಣೋ. ನನ್ ಗಂಟ್ಲೂ ಹೋಯ್ತು,” ಎಂದ ಮಂಜು, ಬಾವಿಯಿಂದ ತಲೆಯೆತ್ತಿ. ಮೆಣಸಿನ ಕಷಾಯವಾಯಿತು, ಕೋಲಾರದ ಡಾಕ್ಟರೂ ಆಯಿತು. ಗಂಟಲಲ್ಲಿ ಅವರಿಗೇನೂ ಕಾಣಲಿಲ್ಲ. ಕೆನಡಾದವನ ಗತಿಯೇ ಇವನದೂ ಎಂದು ನಾನು ಮನಸ್ಸಿನಲ್ಲೇ ಶ್ರದ್ಧಾಂಜಲಿ ಸಿದ್ಧಪಡಿಸಿಕೊಂಡೆ. ಪಕ್ಕದ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ತುಂಬಿದ್ದನ್ನು ಇಬ್ಬರೂ ವಾರಾವಾರ ನೋಡುತ್ತಿದ್ದೆವು. ಆದರೂ ಬಾವಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಆ ಭಾನುವಾರ ಅವನು ಕೆಳಗಿಳಿದು ಅರಚಿನೋಡುತ್ತೇನೆಂದು ಮೆಟ್ಟಿಲಿಳಿದ. ಒಳಗೆ ಕತ್ತಲು, ತಳದಲ್ಲಿ ಒಣಗಿದ ಮಾವಿನೆಲೆಯ ಹಾಸು. ಬಾಲ್ಯದಿಂದ ಅಲ್ಲಿ ನೆಲವನ್ನೇ ಕಂಡ ಕಣ್ಣು ಅಂದೂ ನೆಲವನ್ನೇ ಕಂಡಿತು. ಮೊಬೈಲಿನಲ್ಲಿ ಹಾಡು ಹಚ್ಚಿ ನಾನು ತಾಳ ಹಿಡಿದೆ. ಏಳು ಮುಗಿದ ಮೇಲೆ ಬರಬೇಕಾದ ಅರಚು ಐದಕ್ಕೇ ಬಂತು. ಹದಿನೈದು ವರ್ಷದಲ್ಲಿ ಮಂಜು ತಾಳ ತಪ್ಪಿದವನಲ್ಲ. ಕೈ ತಾನಾಗಿ ನಿಂತಿತು.

ಬಗ್ಗಿದೆ. ಎಲೆಯ ಹಾಸಿನ ನಡುವೆ ಕಪ್ಪಗೆ ಒಂದು ತೂತು. ಅದರಿಂದ ಅವನ ತಲೆ ಎದ್ದಿತು, ಮುಳುಗಿತು, ಮತ್ತೆ ಎದ್ದಿತು. ಗೋಡೆಯ ಸಂದಿಯ ಅರಳಿ ಗಿಡದ ಬೇರು ಅವನ ಕೈಗೆ ಸಿಕ್ಕಿತ್ತು, ಅದೂ ಮಣ್ಣು ಉದುರಿಸುತ್ತ ಕಿತ್ತುಬರುತ್ತಿತ್ತು. ನೀರು ಮುಟ್ಟುವ ಮೆಟ್ಟಿಲಿನವರೆಗೆ ಇಳಿದೆ, ಕೈ ಚಾಚಿದೆ. ನನ್ನ ಬೆರಳಿಗೂ ಅವನ ಬೆರಳಿಗೂ ನಡುವೆ ಒಂದು ಮೊಳ ನೀರು. ಅವನು ಪ್ರಾಣ ಹೋಗುವಂತೆ ಅರಚುತ್ತಿದ್ದ. ಪಕ್ಕದ ತೋಪಿನಲ್ಲಿ ಎಮ್ಮೆ ಮೇಯಿಸುವ ವೆಂಕಟಮ್ಮನ ಕೆಮ್ಮು ಮೇಲಿಂದ ಕೇಳಿಸುತ್ತಿತ್ತು, ಆಕೆ ಮಾತ್ರ ಬರಲಿಲ್ಲ. ಆಗ ನಾನು ಅರಚಿದೆ. ಅದಕ್ಕೆ ತಾಳವಿರಲಿಲ್ಲ, ಮಾತೂ ಇರಲಿಲ್ಲ.

ಬಾವಿಯ ಬಾಯಿಬಳಿ ಆಕೆಯ ಮುಖ ಕಂಡಿತು. ಮರುಗಳಿಗೆ ಹನಿ ನೀರಾವರಿಯ ಕರಿ ಪೈಪು ಸರಸರನೆ ಇಳಿಯಿತು. “ಪಟ್ಟುಕೋರಾ, ಗಟ್ಟಿಗಾ ಪಟ್ಟುಕೋ,” ಎಂದಳು. ಗಾಬರಿಯಾದರೆ ನಮ್ಮ ಕಡೆ ಭಾಷೆ ಆಂಧ್ರದ ಗಡಿ ದಾಟುತ್ತದೆ. ಮಂಜು ಪೈಪನ್ನು ಹಿಡಿದ. ಆಕೆ ಮೇಲಿಂದ, ನಾನು ಮೆಟ್ಟಿಲಿನಿಂದ ಎಳೆದೆವು. ಬೇರು ಕಳಚಿ ನೀರಿಗೆ ಬಿದ್ದ ಸದ್ದು ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

“ಮಂಜುಂದು ವಾರಾವಾರ ಇದ್ದಿದ್ದೇ ಸಾಮಿ,” ಎಂದಳು ವೆಂಕಟಮ್ಮ, ಅವನ ಬೆನ್ನು ತಿಕ್ಕುತ್ತ. “ನೀವು ಅರಚಿದ್ರಲ್ಲ, ಅದ್ಕೇ ಎದ್ದುಬಂದೆ.” ಆಮೇಲೆ ಅವನ ಕಡೆ ತಿರುಗಿ, “ಲೇ, ಇನ್ಮೇಲೆ ಅರಚಿದ್ಮೇಲೆ ‘ಎಂಕಟಮ್ಮಾ, ಇದೀನಿ’ ಅನ್ಬೇಕು. ಅನ್ನಲಿಲ್ಲಾಂದ್ರೆ ಇದೇ ಪೈಪ್ ತಗೊಂಡ್ ಬರ್ತೀನಿ, ಎಳೆಯೋಕಲ್ಲ, ಬಾರಿಸೋಕೆ.”

ದನಿ ಬದಲಾದರೆ ಗಂಟಲನ್ನೇ ಶಂಕಿಸುವುದು ನಮ್ಮ ಚಾಳಿ. ಎದುರಿಗಿರುವ ಬಾವಿಯೇ ಕೆರೆಯ ಒಸರಿನಿಂದ ತುಂಬಿಕೊಂಡಿದ್ದೀತೆಂದು ಹೊಳೆಯುವುದಿಲ್ಲ. ಕೆನಡಾದ ಗಾಯಕನೂ ಚೇತರಿಸಿಕೊಂಡು, ಸ್ವಲ್ಪ ತಗ್ಗಿದ ಶ್ರುತಿಯಲ್ಲಿ ಆಲ್ಬಂ ಮುಗಿಸಿದ್ದಾನೆ. ಮಂಜು ಅದನ್ನೇ ಅಭ್ಯಾಸ ಮಾಡುತ್ತಾನೆ, ಬಾವಿಯಿಂದ ದೂರ, ಮರದ ಕೆಳಗೆ. ಮೊನ್ನೆ ಅವನು ಕಳಿಸಿದ ರೆಕಾರ್ಡಿಂಗಿನಲ್ಲಿ ಅರಚು ಬರುವ ಮುನ್ನ ನಾನು ಪೆಟ್ಟು ಎಣಿಸಿದೆ. ಏಳೂ ಸರಿಯಾಗಿ ಮುಗಿದ ಮೇಲೇ ಅದು ಬಂತು. ಬಳಿಕ ಸಾದಾ ದನಿಯಲ್ಲಿ, “ಎಂಕಟಮ್ಮಾ, ಇದೀನಿ.” ಬಾವಿಯಾಗಿದ್ದರೆ ಅದನ್ನೇ ತಿರುಗಿ ಹೇಳುತ್ತಿತ್ತು. ಇಲ್ಲಿ ಸ್ವಲ್ಪ ತಡವಾಗಿ, ಎಮ್ಮೆಗಳ ಆಚೆಯಿಂದ, ಬೇರೆಯದೇ ದನಿಯೊಂದು, “ಆಂ,” ಎಂದಿತು.