ಕುದುರೆಯ ಬಾಗಿಲಲ್ಲಿ ‘ಊಟ ಮುಗಿದಿದೆ’

ನನ್ನ ಗಂಡ ಜೀವಮಾನದಲ್ಲಿ ಯಾರಿಗೂ ಊಟ ಇಲ್ಲ ಎಂದವರಲ್ಲ. ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲು. ಮಧ್ಯಾಹ್ನ ಅನ್ನ ಖಾಲಿಯಾದರೆ ಬಾಗಿಲಿಗೆ ತೂಗುಹಾಕಲೆಂದು ‘ಜೇವಣ ಸಂಪಲೆ’, ಅಂದರೆ ಊಟ ಮುಗಿದಿದೆ, ಎಂದು ಮರಾಠಿಯಲ್ಲಿ ಬರೆಸಿದ ಹಲಗೆ ಗಲ್ಲಾದ ಹಿಂದೆ ಇತ್ತು. ಅದನ್ನು ಹೊರಗೆ ಹಾಕುವುದೆಂದರೆ ಇವರಿಗೆ ಮಾನ ಹೋದ ಹಾಗೆ. ಒಬ್ಬನೇ ಗಿರಾಕಿ ಬಂದರೂ ಇನ್ನೊಂದು ಪಾತ್ರೆ ಅಕ್ಕಿ ಇಡಿಸುತ್ತಿದ್ದರು. ಉಳಿದ ಅನ್ನಕ್ಕೆ ಒಗ್ಗರಣೆ ಹಾಕಿ ತಿನ್ನುವ ಕರ್ಮ ನನ್ನದು. ಅಂಥವರ ಕೈಗೆ ಒಂದು ಕುದುರೆ ಸಿಕ್ಕಿತು.

ವಿಠ್ಠಲವಾಡಿಯಿಂದ ಮದುವೆ ಮೆರವಣಿಗೆಗಳಿಗೆ ಕುದುರೆ ಕಳಿಸುತ್ತಿದ್ದ ಮುದುಕರೊಬ್ಬರು ನಮ್ಮ ಹಳೆಯ ಗಿರಾಕಿ. ಕಸುಬು ಬಿಟ್ಟು ಮಗಳ ಊರಿಗೆ ಹೊರಟಾಗ, ಬಿಳಿ ಹೆಣ್ಣುಕುದುರೆಯನ್ನು ಏನು ಮಾಡಲಿ ಎಂದು ಚಹಾ ಕುಡಿಯುತ್ತಾ ಕೊರಗಿದರು. ನಮ್ಮವರು “ನಾನು ಸಾಕ್ತೇನೆ” ಎಂದುಬಿಟ್ಟರು. ನನ್ನನ್ನು ಒಂದು ಮಾತು ಕೇಳಬೇಕೆಂದು ಅನಿಸಲಿಲ್ಲ. ಶಹಾಡ್ ಕಡೆ ನಮ್ಮ ಸಾಮಾನು ಇಡುವ ಶೆಡ್ಡಿಗೆ ಒಂದಿಷ್ಟು ಅಂಗಳವಿದೆ. ಅಲ್ಲಿ ಕಟ್ಟಿದರು.

ಮುದುಕರು ಹೋಗುವಾಗ ಕುದುರೆಯ ಕುತ್ತಿಗೆ ಸವರಿ ಹೇಳಿದ್ದು ಇಷ್ಟೇ: “ಸೂಖಾ ಘಾಸ್, ಥೋಡಾ ಚೋಕರ್. ಬದಲ್‌ನಾ ಹೋ ತೋ ಧೀರೆ ಧೀರೆ, ಸೇಠ್.” ಒಣಹುಲ್ಲು, ಸ್ವಲ್ಪ ಗೋಧಿಬೂಸಾ, ಬದಲಾಯಿಸುವುದಾದರೆ ನಿಧಾನವಾಗಿ.

“ಕೇಳಿತಲ್ಲ?” ಎಂದೆ.

“ಕೇಳಿತು. ಹೊಸತಾಗಿ ಬಂದದ್ದಕ್ಕೆ ಬರೀ ಒಣಹುಲ್ಲು ಹಾಕುವುದಾ ಮಾರಾಯ್ತಿ? ನಾಳೆ ಜನ ಎಂತ ಹೇಳ್ಲಿಕ್ಕಿಲ್ಲ?”

ಕುದುರೆಗೆ ಏನು ಹಾಕಿದಿರಿ ಎಂದು ಕೇಳಲು ಶಹಾಡಿಗೆ ಯಾವ ಜನ ಬರುತ್ತಾರೋ ನನಗಂತೂ ಗೊತ್ತಾಗಲಿಲ್ಲ. ಹೋಟೆಲಿನಿಂದ ಟೆಂಪೋ ಬಂತು. ಇಳಿದದ್ದನ್ನೆಲ್ಲ ಕುದುರೆ ಸಂತೋಷದಿಂದಲೇ ತಿಂದಿತು. ಇವರು ಪಕ್ಕದಲ್ಲಿ ನಿಂತು, ಪಂಕ್ತಿಯಲ್ಲಿ ಬಡಿಸುವವರ ಹಾಗೆ, “ಇನ್ನು ಸ್ವಲ್ಪ, ಇನ್ನು ಸ್ವಲ್ಪ” ಎನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ಹೋದರೆ ಕುದುರೆ ಮೈಯೆಲ್ಲ ಬೆವತು ನಿಂತಿತ್ತು. ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತದೆ, ಮಲಗಿ ಹೊರಳುತ್ತದೆ, ಮತ್ತೆ ಏಳುತ್ತದೆ. ಒಂದು ಉಂಡೆ ಲದ್ದಿಯೂ ಬಿದ್ದಿರಲಿಲ್ಲ. ನಮ್ಮವರು, “ರುಚಿ ಹಿಡಿಸಲಿಲ್ಲವೋ ಏನೋ, ಸ್ವಲ್ಪ ಬೆಲ್ಲ ಕೊಡುವಾ” ಎಂದರು. ನಾನು ಬೆಲ್ಲದ ಡಬ್ಬಿ ಕಿತ್ತುಕೊಂಡು ಪಶುವೈದ್ಯೆಗೆ ಫೋನ್ ಮಾಡಿದೆ.

ಆ ಹುಡುಗಿ ಬಂದವಳೇ ಹೊಟ್ಟೆಗೆ ಸ್ಟೆತೊಸ್ಕೋಪ್ ಇಟ್ಟು, ಏನು ತಿನ್ನಿಸಿದಿರಿ ಎಂದು ಕೇಳಿದಳು. ನಮ್ಮವರು ಸಪ್ಲಾಯರ್ ಆಗಿ ಜೀವನ ಶುರುಮಾಡಿದವರು. ಒಂದೇ ಉಸಿರಿಗೆ ಒಪ್ಪಿಸಿದರು: “ಇಡ್ಲಿ, ಕೋಬಿ ಪತ್ತಾ, ಭಿಗೋಯಾ ಹುವಾ ಚನಾ, ಹರಾ ಘಾಸ್, ಶೀರಾ…” ಎಲೆಕೋಸು, ನೆನೆಸಿದ ಕಡಲೆ, ಹಸಿಹುಲ್ಲು, ಒಂದನ್ನೂ ಬಿಡಲಿಲ್ಲ.

“ಕಾಕಾ, ಹೇ ಮೆನೂಕಾರ್ಡ್ ಆಹೆ ಕಾ?” ಇದೇನು ಮೆನುಕಾರ್ಡಾ ಎಂದಳು ಅವಳು. ನನಗೆ ಆ ಹೊತ್ತಿನಲ್ಲೂ ನಗು ಬಂತು. ಅವಳು ನಗುತ್ತಿರಲಿಲ್ಲ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಮ್ಮೆಲೇ ಮೇವು ಬದಲಾದರೆ ಕರುಳು ತಡೆಯುವುದಿಲ್ಲ, ಒಳಗಿರುವುದು ಹಿಂದಿನಿಂದಲೇ ಬರಬೇಕು, ಬಾರದಿದ್ದರೆ ಜೀವಕ್ಕೇ ಅಪಾಯ ಎಂದಳು. ನೋವಿಗೆ ಇಂಜೆಕ್ಷನ್ ಕೊಟ್ಟು, ಮೂಗಿನಿಂದ ನಳಿಗೆ ಇಳಿಸಿ ಎಣ್ಣೆ ಬಿಟ್ಟಳು. ಲದ್ದಿ ಬೀಳುವ ತನಕ ಒಂದು ಎಸಳು ಹುಲ್ಲೂ ಕೂಡದು, ಮೆಲ್ಲಗೆ ನಡೆಸುತ್ತಿರಿ, ಸಂಜೆ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಲಾರಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕು ಎಂದು ಹೊರಟಳು.

ಇವರು ಹಗ್ಗ ಹಿಡಿದು ಅಂಗಳದಲ್ಲಿ ನಡೆಯತೊಡಗಿದರು. ಕುದುರೆಗೆ ಹುಷಾರಿಲ್ಲವೆಂಬ ಸುದ್ದಿ ಹಬ್ಬಿದ್ದೇ ತಡ, ಎಲ್ಲರೂ ಕೈಯಲ್ಲಿ ಏನಾದರೊಂದು ಹಿಡಿದೇ ಬಂದರು. ಪಕ್ಕದ ಚಾಳಿನ ಆಜಿ ಹಸುವಿಗೆ ಕೊಡುವ ಪೋಳಿ, ಅಂದರೆ ಚಪಾತಿ, ತಂದರು. ನಮ್ಮ ಅಡುಗೆಭಟ್ಟರು ಕ್ಯಾರೆಟ್ ತಂದರು. ಒಬ್ಬೊಬ್ಬರನ್ನೇ ಬೇಡಿ ಕಳಿಸಿ ಸೋತ ನಮ್ಮವರು ಕೊನೆಗೆ ಹೋಟೆಲಿಗೆ ಫೋನ್ ಮಾಡಿದರು.

“ಆ ಹಲಗೆ ಕಳಿಸಿ. ಹೌದು, ಅದೇ.”

ಹಲಗೆ ಬಂತು. ತಾವೇ ಶೆಡ್ಡಿನ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿದರು. ಮತ್ತೆ ಹಗ್ಗ ಹಿಡಿದುಕೊಂಡು, ನನ್ನ ಮುಖ ನೋಡದೆ, “ನಾನೇ ಕೊಂದೆನಾ ಅದನ್ನು?” ಎಂದರು. ಬಯ್ಯಬೇಕೆಂದು ಬೆಳಿಗ್ಗೆಯಿಂದ ಕೂಡಿಟ್ಟುಕೊಂಡಿದ್ದ ಮಾತನ್ನೆಲ್ಲ ಬದಿಗಿಟ್ಟೆ. ಆ ಕುದುರೆ ಸಾಯಬಾರದು ಎಂದು ನನಗೂ ಇತ್ತು. ಹಗ್ಗ ಇಸಿದುಕೊಂಡು ನಾನೂ ನಡೆಸಿದೆ.

ಬಿಸಿಲು ಇಳಿಯುವ ಹೊತ್ತಿಗೆ ಕುದುರೆ ಗಕ್ಕನೆ ನಿಂತಿತು. ಬಾಲ ಎತ್ತಿತು. ಮೊದಲು ದೊಡ್ಡ ಸದ್ದಿನೊಂದಿಗೆ ಗಾಳಿ ಹೋಯಿತು, ಆಮೇಲೆ ಎಣ್ಣೆ ಹೊಳೆಯುವ ಲದ್ದಿ ಬಿತ್ತು. “ಹಾಕಿತು! ಹಾಕಿತು!” ಎಂದು ನಾನು ಕೂಗಿದ್ದು ಚಾಳಿನವರಿಗೆಲ್ಲ ಕೇಳಿಸಿತಂತೆ. ಮಡಿ ಮೈಲಿಗೆ ನೋಡುವ ಭಟ್ಟರು ಬಗ್ಗಿ ನೋಡಿ, “ಒಳ್ಳೆದುಂಟು” ಎಂದು ಸರ್ಟಿಫಿಕೇಟ್ ಕೊಟ್ಟರು. ಸಂಜೆ ಬಂದ ವೈದ್ಯೆ ಕುದುರೆಯ ಹೊಟ್ಟೆಗೆ ಇಟ್ಟ ಸ್ಟೆತೊಸ್ಕೋಪನ್ನು ಇವರ ಕಿವಿಗೆ ಸಿಕ್ಕಿಸಿದಳು. ಕರುಳಿನ ಗುಡುಗುಡು ಕೇಳಿ ಇವರು “ಗ್ರೈಂಡರ್ ಶುರುವಾಗಿದೆ!” ಎಂದು ನಗುತ್ತಲೇ ಅತ್ತುಬಿಟ್ಟರು.

ಆಮೇಲೆ ಎಲ್ಲ ಅವಳು ಹೇಳಿದ ಹಾಗೆಯೇ. ವಿಠ್ಠಲವಾಡಿಯಿಂದ ಕುದುರೆಯ ಹಳೆಯ ಒಣಹುಲ್ಲನ್ನೇ ತರಿಸಿದೆವು. ಮೊದಲ ದಿನ ಹಿಡಿ ಹಿಡಿ ಮಾತ್ರ. ಅದು ಮುಗಿದಾಗ ಕುದುರೆ ಇವರ ಮುಖ ನೋಡುತ್ತಿತ್ತು, ಇವರು ಕೈ ಹಿಂದೆ ಕಟ್ಟಿಕೊಂಡು ಬೇರೆ ಕಡೆ ನೋಡುತ್ತಿದ್ದರು. ಹಸಿಹುಲ್ಲು ಒಂದಿಷ್ಟಿಷ್ಟೇ ಸೇರಿಸುತ್ತಾ ವಾರಗಳೇ ಹೋದವು. ಈಗ ಅದರ ಮೈ ತುಂಬಿದೆ.

ಹಲಗೆ ಇನ್ನೂ ಶೆಡ್ಡಿನ ಬಾಗಿಲಲ್ಲೇ ಇದೆ. ಮಧ್ಯಾಹ್ನ ಹೋಟೆಲಿನಲ್ಲಿ ಅನ್ನ ಮುಗಿದು ಭಟ್ಟರು ಹಲಗೆ ಎಲ್ಲಿ ಎಂದು ಕೇಳಿದರೆ ಇವರು ಗಲ್ಲಾದಿಂದಲೇ ಹೇಳುತ್ತಾರೆ:

“ಅದು ಕುದುರೆಗೆ ಬೇಕು. ನೀವು ಅಕ್ಕಿ ಇಡಿ.”