ಆಂತೋನಿಯವರ ಒಂದೇ ಒಂದು ಕ್ಯಾಸೆಟ್ಟು

ಟ್ರಾಂಬೋನನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ, ಅದನ್ನು ನುಡಿಸುವವರಿಗೆ ಉಸಿರಿನಷ್ಟೇ ಜಾಗವೂ ಬೇಕು. ಮರ್ಫಿ ಟೌನಿನಲ್ಲಿ ನಮ್ಮ ಪಕ್ಕದ ಮನೆಯ ಆಂತೋನಿ ಅಂಕಲ್‌ಗೆ ಇದ್ದದ್ದು ಒಂದೇ ಕೋಣೆ. ಹಾಗಾಗಿ ಬೆಳಗಿನ ಅಭ್ಯಾಸಕ್ಕೆ ಅವರು ಕಿಟಕಿ ತೆರೆದು ನಿಲ್ಲುತ್ತಿದ್ದರು. ಮುಂದಕ್ಕೆ ಜಾರಿಸಿದಾಗಲೆಲ್ಲ ಆ ಹಿತ್ತಾಳೆಯ ಕೊಳವೆ ಬೀದಿಗೆ ಇಣುಕಿ, ಒಣಹಾಕಿದ ಸೀರೆಗಳ ನಡುವೆ ಒಮ್ಮೆ ಹೊಳೆದು, ಮತ್ತೆ ಒಳಗೆ ಸರಿಯುತ್ತಿತ್ತು. ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಆ ಹೊತ್ತಿನಲ್ಲಿ, ಸ್ವರವೇ ಕೈಚಾಚಿ ಬೀದಿಯನ್ನು ಮುಟ್ಟಿ ನೋಡುತ್ತಿದೆ ಎಂದು ನನಗನ್ನಿಸುತ್ತಿತ್ತು.

ಅಂಕಲ್ ನಲವತ್ತು ವರ್ಷ ಶಿವಾಜಿನಗರದ ಮದುವೆ ಬ್ಯಾಂಡೊಂದರಲ್ಲಿ ಊದಿದವರು. ಆದರೆ ಮನೆಯಲ್ಲಿ, ತಮಗಾಗಿ ಮಾತ್ರ, ನುಡಿಸುತ್ತಿದ್ದದ್ದು ಜಾಝ್. ತೊಂಬತ್ತರ ದಶಕದ ಕೊನೆಯಲ್ಲಿ, ಎದೆ ಪರೀಕ್ಷಿಸಿದ ಡಾಕ್ಟರು ಇನ್ನು ಊದಕೂಡದು ಎಂದ ವಾರ, ಅವರು ನಮ್ಮ ಮನೆಗೆ ಬಂದರು. ನಾನಾಗ ಪುಲಿಕೇಶಿನಗರದಲ್ಲಿ ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದೆ.

"ಸರಳಾ, ಒಂದು ಆಲ್ಬಮ್ ಮಾಡ್ಬಿಡೋಣಮ್ಮ. ನಾಲ್ಕೇ ಜನ. ಆಮೇಲೆ ಬಿಟ್ಬಿಡ್ತೀನಿ, ಪ್ರಾಮಿಸ್."

ಇಂದಿರಾನಗರದ ಮನೆಯೊಂದರ ಎರಡನೇ ಮಹಡಿಯಲ್ಲಿ ಸ್ಟುಡಿಯೋ ಇತ್ತು. ಡ್ರಮ್ಸಿಗೆ ಅವರದೇ ಬ್ಯಾಂಡಿನ ರಫೀಕ್ ಭಾಯ್, ಬಾಸ್ ಗಿಟಾರಿಗೆ ಹಲಸೂರಿನ ಸೆಲ್ವಂ, ಪಿಯಾನೋಗೆ ನಾನು. ಬಾಗಿಲು ಮುಚ್ಚಿದ್ದೇ ಊರಿನ ಸದ್ದೆಲ್ಲ ಅಡಗಿ, ನಾವು ಕೆರೆಯ ತಳದಲ್ಲಿ ಕುಳಿತಂತಾಯಿತು. ಒಂದೊಂದೇ ಹಾಡು ಮುಗಿಸುತ್ತ, ಮಧ್ಯಾಹ್ನ ಇಳಿಯುವಾಗ ಅವರೇ ಕಟ್ಟಿದ, ಹೆಸರಿಡದ, ನಿಧಾನದ ಕೊನೆಯ ಹಾಡಿಗೆ ಬಂದೆವು.

ಅದರ ನಡುವೆ, ದೀರ್ಘವಾದೊಂದು ಸ್ವರದಲ್ಲಿ, ಅಂಕಲ್‌ರ ಉಸಿರು ತುಂಡಾಯಿತು. ನಾನು ಕೀಲಿಗಳಿಂದ ಕೈಯೆತ್ತಿದೆ. ಸೆಲ್ವಂ ತಂತಿಗಳ ಮೇಲೆ ಅಂಗೈ ಇಟ್ಟ. ರಫೀಕ್ ಭಾಯ್ ಕೈ ಗಾಳಿಯಲ್ಲೇ ನಿಂತಿತು. ಯಾರೂ ಯಾರಿಗೂ ಹೇಳಿರಲಿಲ್ಲ. ಗಡಿಯಾರದ ಲೆಕ್ಕದಲ್ಲಿ ಕೆಲವೇ ಕ್ಷಣವಿದ್ದೀತು. ನನಗೆ ಮಾತ್ರ ಅದರೊಳಗೊಂದು ಇಡೀ ಬೇಸಿಗೆ ಹಿಡಿಸುವಷ್ಟು ಉದ್ದವಾಗಿ ಕಂಡಿತು. ಆಮೇಲೆ ಸ್ವರ ಮರಳಿತು, ಕತ್ತಲಲ್ಲಿ ಮೆಟ್ಟಿಲು ತಡಕುವ ಕಾಲಿನಂತೆ, ಮೆಲ್ಲಗೆ.

"ಮಧ್ಯೆ ಗ್ಯಾಪ್ ಬಂದ್ಬಿಡ್ತು ಸರ್, ಇನ್ನೊಂದ್ ಟೇಕ್ ತಗೊಳ್ಳೋಣ" ಎಂದರು ರೆಕಾರ್ಡಿಂಗಿನವರು.

ಸುಧಾರಿಸಿಕೊಂಡು ಮತ್ತೆ ನುಡಿಸಿದೆವು. ಈ ಸಲ ಎಲ್ಲೂ ಕುಂದಿರಲಿಲ್ಲ. ಅಂಕಲ್ ಕಣ್ಣು ಮುಚ್ಚಿ ಎರಡನ್ನೂ ಕೇಳಿಸಿಕೊಂಡರು.

"ಮೊದಲನೇದೇ ಇರ್ಲಿ."

"ಅರೇ ಆಂತೋನಿ ಭಾಯ್, ಎರಡನೇದು ಎಷ್ಟು ಸಾಫಾಗಿ ಬಂದಿದೆ!" ಎಂದರು ರಫೀಕ್ ಭಾಯ್.

"ಬಂದಿದೆ. ಆದ್ರೆ ಮೊದಲನೇದ್ರಲ್ಲಿ ನೀವು ಮೂರೂ ಜನ ನನಗೋಸ್ಕರ ಕಾದಿದ್ದೀರ. ಮೆರವಣಿಗೇಲಿ ನಾನು ಉಸಿರು ತಗೊಳ್ಳೋಕೆ ನಿಂತ್ರೆ ಬ್ಯಾಂಡು ಮುಂದೆ ಹೋಗ್ಬಿಡ್ತಿತ್ತು. ನಲವತ್ತು ವರ್ಷ ಓಡೋಡಿ ಸೇರ್ಕೊಂಡಿದ್ದೀನಿ."

ಆ ಮೆರವಣಿಗೆಗಳಲ್ಲಿ ಮುಂದೆ ನಡೆದವರಲ್ಲಿ ರಫೀಕ್ ಭಾಯ್ ಕೂಡ ಒಬ್ಬರು. ಅವರು ತಲೆ ತಗ್ಗಿಸಿದರು.

ಅಂಕಲ್ ಕೊಟ್ಟ ಮಾತಿನಂತೆ ಆಮೇಲೆಂದೂ ಊದಲಿಲ್ಲ. ಆದರೆ ಆ ಆಲ್ಬಮ್ ನೆನೆದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಅಂದು ಸಂಜೆ ನಾವು ಸ್ಟುಡಿಯೋದಿಂದ ಇಳಿದುಬಂದ ಬಗೆ: ಟ್ರಾಂಬೋನಿನ ಪೆಟ್ಟಿಗೆಯನ್ನು ತಾವೇ ಹೊತ್ತ ರಫೀಕ್ ಭಾಯ್, ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ನಿಂತು, ಅಂಕಲ್ ಬಂದು ಸೇರಿದ ಮೇಲೆಯೇ ಮುಂದಿನ ಹೆಜ್ಜೆ ಇಡುತ್ತಿದ್ದರು.