ಏಣಿಯ ಇನ್ನೊಂದು ತುದಿ

ಕೊರೊನಾ ಕಾಟ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ವರ್ಷ. ನಾನಾಗ ಚೆಟ್ಟಳ್ಳಿ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಅದಕ್ಕೆ ಮುಂಚೆ ಶನಿವಾರಸಂತೆ, ಕೊಡ್ಲಿಪೇಟೆ ಕಡೆ ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಡ್ರಾಯಿಂಗ್ ಮೇಷ್ಟ್ರಿಗೆ ಶಾಲೆಯಲ್ಲಿ ಎಂಥ ಸ್ಥಾನ ಎಂಬುದು ಗೊತ್ತಿದ್ದವರಿಗೆ ಗೊತ್ತು. ಗಣಿತದ ಪಾಠ ಮುಗಿಯದಿದ್ದರೆ ಹೋಗುವುದು ನಮ್ಮ ಪೀರಿಯಡ್. ವಾರ್ಷಿಕೋತ್ಸವ ಬಂತೆಂದರೆ ಮಾತ್ರ ಬ್ಯಾನರ್ ಬರೆಯಲು ನಾವೇ ಬೇಕು. ಅದರಿಂದಲೋ ಏನೋ, ನನಗೆ ಮೂಗಿನ ತುದಿಯಲ್ಲೇ ಕೋಪ. ಜೊತೆಗೆ, ನನ್ನಂಥ ಕಲಾವಿದ ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ ಎಂಬ ಗುಟ್ಟಿನ ಜಂಬವೂ ಇತ್ತು.

ಆ ಜನವರಿಯಲ್ಲಿ ಹತ್ತಿರದ ಕಾಫಿ ಎಸ್ಟೇಟಿನ ಮಾಲೀಕರಾದ ಪೂವಯ್ಯನವರು ಶಾಲೆಗೆ ಬಂದರು. ಹಿಂದಿನ ವರ್ಷ ಕರಿಮೆಣಸು ಕೊಯ್ಯುವಾಗ ಅವರ ತೋಟದಲ್ಲಿ ಮಂಗ್ರು ಎಂಬ ಕೆಲಸಗಾರ ತೀರಿಕೊಂಡಿದ್ದ. ತೋಟದ ನಡುವೆ 11 ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ ವಿದ್ಯುತ್ ತಂತಿ ಹಾದುಹೋಗುತ್ತದೆ. ಕಂಬಗಳ ನಡುವೆ ಅದು ಜೋತುಬಿದ್ದು ನೆಲದಿಂದ ಸುಮಾರು ಹದಿನೆಂಟು ಅಡಿಗೆ ಬಂದಿತ್ತು. ಮೆಣಸಿನ ಬಳ್ಳಿ ಹಬ್ಬುವುದು ಎತ್ತರದ ಸಿಲ್ವರ್ ಓಕ್ ಮರಗಳ ಮೇಲೆ. ಕೊಯ್ಯಲು ಬಳಸುವ ಅಲ್ಯೂಮಿನಿಯಂ ಏಣಿಯ ಉದ್ದ ಇಪ್ಪತ್ತೆರಡು ಅಡಿ. ಮರದಿಂದ ಮರಕ್ಕೆ ಹೋಗುವಾಗ ಮಂಗ್ರು ಏಣಿಯನ್ನು ನೇರವಾಗಿ ಎತ್ತಿ ಹಿಡಿದೇ ನಡೆದಿದ್ದ. ಅದರ ತುದಿ ತಂತಿಗೆ ತಾಗಿತ್ತು.

“ತಂತಿ ಎತ್ತಿ ಕಟ್ಟಿ ಅಂತ ಅರ್ಜಿ ಕೊಟ್ಟಿದ್ದೀನಿ, ಇನ್ನೂ ಯಾರೂ ಬಂದಿಲ್ಲ. ಬೋರ್ಡ್ ಹಾಕಿಸಿದ್ದೆ ಮೇಷ್ಟ್ರೇ, ಕನ್ನಡದಲ್ಲೂ ಹಿಂದಿಯಲ್ಲೂ” ಎಂದರು ಪೂವಯ್ಯ. “ಓದೋಕೆ ಬರೋರು ಎಷ್ಟು ಜನ? ನೀವು ಒಂದು ಚಿತ್ರ ಬರೀರಿ. ನೋಡಿದವರಿಗೆ ಎದೆ ಝಲ್ ಅನ್ನಬೇಕು.”

ಅವರ ಮಾತಿನಲ್ಲಿ ನಿಜವಾದ ಸಂಕಟವಿತ್ತು. ಜಾರ್ಖಂಡ್, ಅಸ್ಸಾಂ, ತಮಿಳುನಾಡು ಹೀಗೆ ನಾಲ್ಕು ದಿಕ್ಕಿನವರು ಆ ತೋಟದ ಕೆಲಸಗಾರರ ಲೈನ್‌ಮನೆಗಳಲ್ಲಿದ್ದರು. ಚಿತ್ರಕ್ಕೆ ಭಾಷೆಯ ಹಂಗಿಲ್ಲ ಎಂದು ನಾನು ಅಲ್ಲೇ ಒಂದು ಸಣ್ಣ ಭಾಷಣ ಬಿಗಿದೆ. ನೆನೆದರೆ ಈಗ ನಗು ಬರುತ್ತದೆ.

ತೋಟದಲ್ಲಿ ಬೆಳಿಗ್ಗೆ ಹಾಜರಿ ಕರೆಯುವ ಜಾಗದ ಎದುರಿಗಿದ್ದ ಗೋದಾಮಿನ ಗೋಡೆ ಸಿಕ್ಕಿತು. ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರ. ನಾಲ್ಕು ಭಾನುವಾರ ದುಡಿದೆ. ಕೆಲಸಗಾರರ ಉಸ್ತುವಾರಿ ನೋಡುವ ರೈಟರ್ ಸುಬ್ಬಯ್ಯನವರ ಮೊಬೈಲಿನಲ್ಲಿ, ಆಯುಧಪೂಜೆಯ ದಿನ ತೆಗೆದ ಮಂಗ್ರುವಿನ ಫೋಟೋ ಇತ್ತು. ಅದನ್ನು ನೋಡಿ ಅವನ ಮುಖವನ್ನೇ ಬರೆದೆ. ಗುರುತಿನ ಮುಖವಾದರೆ ಭಯ ಹೆಚ್ಚು ಎಂಬುದು ನನ್ನ ಲೆಕ್ಕಾಚಾರ. ಕೈಯಲ್ಲಿ ನೆಟ್ಟಗೆ ಎತ್ತಿ ಹಿಡಿದ ಏಣಿ, ಮೇಲೆ ತಂತಿ, ತಂತಿಯಿಂದ ಇಳಿದು ಅವನ ತಲೆಯ ಸುತ್ತ ಸ್ಫೋಟಿಸಿದ ಹಳದಿ ಬೆಳಕು. ಆ ಹಳದಿ ಬಣ್ಣಕ್ಕೇ ಒಂದಿಡೀ ದಿನ ಹಿಡಿಯಿತು. ಪೂವಯ್ಯನವರು ನೋಡಿ ಸುಮ್ಮನೆ ಕೈ ಮುಗಿದರು. ಪ್ರಶಸ್ತಿ ಬಂದಷ್ಟೇ ಖುಷಿಯಾಯಿತು ನನಗೆ.

ಮೆಣಸಿನ ಕೊಯ್ಲು ಶುರುವಾದ ದಿನ ಅರ್ಧ ದಿನ ರಜೆ ಹಾಕಿ ತೋಟಕ್ಕೆ ಹೋದೆ. ಹೆದರಿದ ಮುಖಗಳನ್ನು ನೋಡುವ ಆಸೆ. ಅಲ್ಲಿ ನೋಡಿದರೆ ಚಿತ್ರಕ್ಕೆ ಚೆಂಡುಹೂವಿನ ಮಾಲೆ ಹಾಕಿತ್ತು. ಕೆಳಗೆ ಊದುಬತ್ತಿ ಉರಿಯುತ್ತಿತ್ತು. ಹತ್ತು ಹನ್ನೆರಡು ಜನ ಕೈ ಮುಗಿದು ನಿಂತಿದ್ದರು. ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಚಿತ್ರದ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಪಕ್ಕದಲ್ಲಿದ್ದ ಏಣಿಯನ್ನು ನೇರವಾಗಿ ಎತ್ತಿ, ಹೆಗಲಿಗೆ ಆನಿಸಿಕೊಂಡು, ತಂತಿ ಹಾದುಹೋಗಿದ್ದ ದಿಕ್ಕಿಗೇ ಹೊರಟಳು.

“ಏಣಿ ಇಳಿಸು! ಇಳಿಸು ಮೊದಲು!” ಎಂದು ಕಿರುಚಿಕೊಂಡು ಓಡಿದೆ. ಅವಳು ಗಾಬರಿಯಿಂದ ನಿಂತಳು. ಸುಬ್ಬಯ್ಯನವರೂ ಓಡಿಬಂದು ಏಣಿ ಇಳಿಸಿಕೊಂಡರು. ತಂತಿಗೆ ಇನ್ನೂ ಮೂವತ್ತು ಹೆಜ್ಜೆ ಇತ್ತು.

ಅವಳು ಫೂಲ್ಮನಿ, ಮಂಗ್ರುವಿನ ಹೆಂಡತಿ. ಜಾರ್ಖಂಡ್ ಕಡೆಯವಳು. ತೋಟಕ್ಕೆ ಬಂದು ಎಂಟು ವರ್ಷವಾಗಿ ಕನ್ನಡ ಚೆನ್ನಾಗಿಯೇ ಕಲಿತಿದ್ದಳು. ಏಣಿ ಸಾಮಾನ್ಯವಾಗಿ ಗಂಡಸರ ಕೆಲಸ. ಆದರೆ ಮನೆಯಲ್ಲಿ ಉಳಿದಿದ್ದವರು ಅವಳು ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಆ ವರ್ಷ ಏಣಿ ಹತ್ತುತ್ತೇನೆಂದು ಅವಳೇ ಕೇಳಿಕೊಂಡಿದ್ದಳಂತೆ.

“ನೀವಾ ಸಾರ್ ಬರೆದಿದ್ದು?” ಎಂದಳು. ಮುಖದಲ್ಲಿ ಕೃತಜ್ಞತೆ. “ನಮ್ಮವರು ಚೆನ್ನಾಗಿ ಕಾಣ್ತಾರೆ. ನನ್ನ ಹತ್ರ ಇಷ್ಟು ದೊಡ್ಡ ಫೋಟೋ ಇಲ್ಲ. ಸತ್ತವರಿಗೆ ಇಷ್ಟು ಮರ್ಯಾದೆ ಯಾರೂ ಮಾಡಲ್ಲ. ತಲೆ ಸುತ್ತ ಬೆಳಕು ಬೇರೆ ಹಾಕಿದ್ದೀರಿ, ದೇವರಿಗೆ ಹಾಕೋ ಹಾಗೆ.”

ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಹಾಗೆ ಮಾಡಿದರೆ ಅವಳು ಮತ್ತೆ ಏಣಿ ಎತ್ತಿಕೊಂಡು ಹೊರಡುತ್ತಾಳೆ.

“ಅದು ದೇವರ ಬೆಳಕಲ್ಲಮ್ಮ” ಎಂದೆ. “ಕರೆಂಟು.”

ಅವಳು ಗೋಡೆಯ ಕಡೆ ತಿರುಗಿದಳು. “ನಮ್ಮನ್ನ ಹೆದರಿಸೋಕೆ ಬರೆದಿದ್ದಾ?” ಎಂದು ಮೆಲ್ಲಗೆ ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ.

“ನಮಗೆ ಹೆದರಿಕೆ ಇಲ್ಲ ಅಂದ್ಕೊಂಡ್ರಾ ಸಾರ್? ಆ ತಂತಿ ಏನು ಮಾಡ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

“ಮತ್ತೆ ಏಣಿ ಯಾಕಮ್ಮ ಎತ್ತಿ ಹಿಡಿದಿದ್ದು?”

“ಮಲಗಿಸಿ ಒಬ್ಬಳೇ ಹೊತ್ರೆ ತಿರುಗಿಸೋಕೆ ಆಗಲ್ಲ. ಎರಡು ಕಡೆನೂ ಕಾಫಿ ಗಿಡಕ್ಕೆ ತಾಗಿ ರೆಂಬೆ ಮುರೀತದೆ. ಮುರಿದ್ರೆ ಬೈತಾರೆ. ನಮ್ಮವರೂ ಅದಕ್ಕೇ ಎತ್ತಿ ಹಿಡಿದಿದ್ದು.”

ಎಂಥ ಸರಳ ವಿಷಯ! ಆ ಕಾಲಕ್ಕೆ ಕಾಫಿ ಗಿಡದಲ್ಲಿ ಮುಂದಿನ ಫಸಲಿನ ಮೊಗ್ಗು ಕಟ್ಟಿರುತ್ತದೆ, ರೆಂಬೆ ಮುರಿದರೆ ಅಷ್ಟೂ ಹೋಯಿತು. ಹಿಂದೆ ಬಿದಿರಿನ ಏಣಿ ಇದ್ದಾಗ ಭಾರಕ್ಕೆ ಹೆದರಿ ಇಬ್ಬರು ಹೊರುತ್ತಿದ್ದರು. ಅಲ್ಯೂಮಿನಿಯಂ ಹಗುರವಾದ್ದರಿಂದ ಒಬ್ಬರಿಗೇ ಬಿಟ್ಟರು. ನಾಲ್ಕು ಭಾನುವಾರ ಆ ಗೋಡೆಯ ಮುಂದೆ ನಿಂತಿದ್ದ ನಾನು ಇದನ್ನು ಒಬ್ಬರ ಬಳಿಯೂ ಕೇಳಿರಲಿಲ್ಲ. ಮಂಗ್ರು ಅಜಾಗರೂಕತೆಯಿಂದ ಸತ್ತ ಎಂದು ನಾನೇ ತೀರ್ಮಾನಿಸಿ, ಅದನ್ನೇ ದೊಡ್ಡದಾಗಿ ಗೋಡೆಗೆ ಬರೆದಿದ್ದೆ. ಅವನ ಹೆಂಡತಿಯನ್ನು ಒಂದು ಮಾತೂ ಕೇಳದೆ ಅವನ ಮುಖ ತೆಗೆದುಕೊಂಡಿದ್ದೆ. ಇಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಅಷ್ಟರಲ್ಲಿ ಪೂವಯ್ಯನವರ ಜೀಪು ಬಂತು. ನಡೆದದ್ದೆಲ್ಲ ಹೇಳಿ, “ಸುಣ್ಣ ಹೊಡೆಸಿಬಿಡಿ, ನನ್ನ ತಪ್ಪು” ಎಂದೆ. ಅವರು ರೈಟರ್ ಕಡೆ ತಿರುಗಿ, “ಒಬ್ಬೊಬ್ಬರೇ ಏಣಿ ಎತ್ತಿ ಹಿಡಿದು ಹೋಗಿ ಅಂತ ಯಾರು ಹೇಳಿದ್ದು?” ಎಂದು ಸಿಡುಕಿದರು.

ಸುಬ್ಬಯ್ಯ ತಲೆ ತಗ್ಗಿಸಿ, “ಹಾಗೆ ಯಾರೂ ಹೇಳಿಲ್ಲ ಸಾರ್. ಒಂದು ರೆಂಬೆನೂ ಮುರೀಬಾರದು ಅಂತ ನೀವು ನನಗೆ ಹೇಳಿದ್ರಿ, ನಾನು ಅವರಿಗೆ ಹೇಳಿದೆ” ಎಂದರು.

ಕೆಟ್ಟ ಮನುಷ್ಯರಲ್ಲ ಪೂವಯ್ಯ. ಮಂಗ್ರು ಸತ್ತಾಗ ಮೂರು ದಿನ ಊಟ ಬಿಟ್ಟಿದ್ದರಂತೆ. ತಾವು ಆಡಿದ್ದ ಮಾತೊಂದು ಅಷ್ಟು ದೂರ ಹೋಗಿ ತಾಗಿತ್ತೆಂದು ಅವರಿಗೆ ಅಂದಿನವರೆಗೆ ತಿಳಿದಿರಲಿಲ್ಲ, ಅಷ್ಟೆ. “ಇವತ್ತು ಆ ಕಡೆ ಕೊಯ್ಲು ನಿಲ್ಲಿಸಿ. ಸುಣ್ಣ ತರಿಸಿ” ಎಂದರು.

“ಬೇಡ ಸಾರ್, ಅಳಿಸಬೇಡಿ” ಎಂದಳು ಫೂಲ್ಮನಿ. ನನ್ನ ಕಡೆ ತಿರುಗಿ, “ಬೆಳಕು ಬೇಕಾದ್ರೆ ತೆಗೀರಿ. ಅವತ್ತು ಅವರು ಒಬ್ಬರೇ ಇದ್ರು. ಜೊತೆಗೆ ಇನ್ನೊಬ್ಬರನ್ನ ಬರೀರಿ. ಏಣಿ ಇಬ್ಬರೂ ಹಿಡ್ಕೊಳ್ಳಲಿ” ಎಂದಳು.

“ಯಾರನ್ನ ಬರೀಲಮ್ಮ?”

“ನನ್ನನ್ನೇ ಬರೀರಿ.”

ಮರುದಿನವೇ ರಜೆ ಹಾಕಿ ಕೆಲಸಕ್ಕೆ ಕೂತೆ. ಹಳದಿಯ ಮೇಲೆಲ್ಲ ಮರದ ಹಸಿರು ಬಳಿದೆ. ನೇರವಿದ್ದ ಏಣಿಯನ್ನು ಅಳಿಸಿ ಸೊಂಟದ ಮಟ್ಟಕ್ಕೆ ಮಲಗಿಸಿದೆ. ತೂಕ ಹೊತ್ತಾಗ ಭುಜ ಹೇಗೆ ಬಾಗುತ್ತದೆಂದು ನೋಡಲು ನಿಜವಾದ ಏಣಿಯನ್ನೇ ಹಿಡಿದು ನಿಲ್ಲಲು ಫೂಲ್ಮನಿಗೆ ಹೇಳಿದೆ. ಚಿತ್ರದಲ್ಲಿ ಮಂಗ್ರು ಹಿಡಿಯುವ ತುದಿಗೆ ಯಾರನ್ನೂ ಕರೆಯಬೇಕಾಗಲಿಲ್ಲ, ಸುಬ್ಬಯ್ಯನವರೇ ಬಂದು ನಿಂತರು. ಪ್ರತಿ ಗಂಟೆಗೊಮ್ಮೆ ಕೆಲಸಗಾರರನ್ನು ಕರೆದು, “ಏನು ಕಾಣ್ತದೆ ಹೇಳಿ” ಎಂದು ಕೇಳಿದೆ. ತಂತಿಯನ್ನು ನಾನು ತೆಳ್ಳಗೆ ಬರೆದಿದ್ದೆ, ಬಟ್ಟೆ ಒಣಗಿಸುವ ಹಗ್ಗ ಎಂದರು ಇಬ್ಬರು. ಅವರಿಗೆ ಗುರುತಿದ್ದ ಕಂಬವನ್ನೇ ಪಕ್ಕಕ್ಕೆ ಬರೆದ ಮೇಲೆ ಒಪ್ಪಿದರು. ನಾನು ಕೋಪ ಮಾಡಿಕೊಳ್ಳಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದು ಕಷ್ಟ.

ಸಂಜೆ ಪೂವಯ್ಯನವರು ಬಂದು ಚಿತ್ರ ನೋಡಿ, “ಮೇಷ್ಟ್ರೇ, ಏಣಿ ಕೆಳಗೆ ಒಂದು ಮುರಿದ ರೆಂಬೆ ಬರೀರಿ. ಮುರಿದ್ರೆ ಮುರೀಲಿ ಅಂತ ನಾನು ಹೇಳಿದ್ದು ಎಲ್ಲರಿಗೂ ಕಾಣ್ಲಿ” ಎಂದರು. ಬರೆದೆ. ಮೊಗ್ಗಿನ ಸಮೇತ ಬರೆದೆ.

ಮೂವತ್ತು ವರ್ಷ ಮಕ್ಕಳ ಚಿತ್ರ ನೋಡಿ, “ಏನೋ ಇದು, ಏನು ಬರೆದಿದ್ದೀಯ?” ಎಂದು ಗದರಿದವನು ನಾನು. ಸರ್ವಿಸಿನ ಕೊನೆಯ ಎರಡು ವರ್ಷ ಆ ಪ್ರಶ್ನೆ ಬಿಟ್ಟೆ. ಒಬ್ಬರ ಚಿತ್ರವನ್ನು ಪಕ್ಕದವರ ಕೈಗೆ ಕೊಟ್ಟು, ನಿನಗೇನು ಕಾಣುತ್ತದೆ ಎಂದು ಕೇಳುತ್ತಿದ್ದೆ. ಬರೆದವರು ಬಾಯಿ ಮುಚ್ಚಿ ಕೇಳಿಸಿಕೊಳ್ಳಬೇಕು, ಅದೇ ನಿಯಮ. ನಾನು ಕಲಿಸಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಇರಬೇಕು.

ನಿವೃತ್ತನಾದ ಮೇಲೆ ಒಮ್ಮೆ ಆ ತೋಟಕ್ಕೆ ಹೋಗಿದ್ದೆ. ಬಣ್ಣ ಅಲ್ಲಲ್ಲಿ ಮಾಸಿತ್ತು. ಹಾಜರಿ ಮುಗಿದು ಜನ ಇಬ್ಬಿಬ್ಬರಾಗಿ ಏಣಿ ಹೊತ್ತು ಹೋಗುತ್ತಿದ್ದರು. ಹೊಸಬರಿಗೆ ಚಿತ್ರ ಅರ್ಥವಾಗುತ್ತದೆಯೇ ಎಂದು ಫೂಲ್ಮನಿಯನ್ನು ಕೇಳಿದೆ.

“ಪೂರ್ತಿ ಆಗಲ್ಲ ಸಾರ್” ಎಂದಳು. “ಗಂಡಸು ಯಾರು, ಹೆಂಗಸು ಯಾರು ಅಂತ ಕೇಳ್ತಾರೆ. ಹೆಂಗಸು ನಾನೇ ಅಂತೀನಿ. ಆಮೇಲೆ ನಮ್ಮವರ ವಿಷಯ ಹೇಳ್ತೀನಿ.”

ಅಷ್ಟು ಹೇಳಿ ಅವಳು ಏಣಿಯ ತನ್ನ ತುದಿಯನ್ನು ಸೊಂಟದ ಮಟ್ಟಕ್ಕೆ ಎತ್ತಿ ಹಿಡಿದು, ಇನ್ನೊಂದು ತುದಿಗೆ ಜೊತೆಗಾತಿ ಬರುವವರೆಗೆ ಕಾಯುತ್ತ ನಿಂತಳು.